ಮುಳುಗುವ ಹಲಗೆಯ ಮೇಲೆ ನಿಲ್ಲುವ ವಿದ್ಯೆ

ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ ವರ್ಷ ದಡಕ್ಕೆ ಹೋದರೆ ಮಕ್ಕಳ ಒಂದು ಆಟ ಕಣ್ಣಿಗೆ ಬೀಳುತ್ತದೆ. ಹೆಂಚಿನ ಚೂರು ಹುಡುಕಿ, ಸೊಂಟ ಬಗ್ಗಿಸಿ, ನೀರನ್ನು ಸವರುವಂತೆ ಬೀಸಿ ಎಸೆಯುತ್ತಾರೆ. ಚೂರು ನಾಲ್ಕೈದು ಸಲ ಕುಪ್ಪಳಿಸಿ, ಓಟ ಸತ್ತ ಕಡೆ ಗುಳುಕ್ಕನೆ ಮುಳುಗುತ್ತದೆ. ಹೆಂಚು ತೇಲುವ ವಸ್ತುವಲ್ಲ. ಓಡುವಷ್ಟು ಹೊತ್ತು ಮಾತ್ರ ನೀರು ಅದನ್ನು ಹೊರುತ್ತದೆ. ಕಡಲಿಲ್ಲದ ನಮ್ಮ ಸೀಮೆಯವರಿಗೆ ಹವಾಯಿಯ ‘ಅಲಾಯಾ’ ಹಲಗೆಯ ಗುಟ್ಟು ತಿಳಿಯಲು ಇಷ್ಟು ಸಾಕು.

ಅಲೆಯ ಮೇಲೆ ಹಲಗೆ ಹಾಕಿ ಜಾರುವ ಸರ್ಫಿಂಗ್ ಪೆಸಿಫಿಕ್ ದ್ವೀಪಗಳ ಹಳೆಯ ವಿದ್ಯೆ. 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಹವಾಯಿ ಮುಟ್ಟಿದಾಗ ಅಲ್ಲಿ ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಅಲೆ ಏರುತ್ತಿದ್ದರು. ಅರಸರ ಮನೆತನದವರಿಗೆ ‘ಓಲೋ’ ಎಂಬ ಹದಿನಾರು ಅಡಿಗೂ ಮೀರಿದ ದಪ್ಪ ಹಲಗೆ. ಅರಸರು, ಜನರು ಎನ್ನದೆ ಎಲ್ಲರಿಗೂ ಅಲಾಯಾ: ಏಳರಿಂದ ಹನ್ನೆರಡು ಅಡಿ ಉದ್ದ, ದಪ್ಪ ಒಂದಂಗುಲದ ಆಸುಪಾಸು, ಮುಂದೆ ದುಂಡು, ಹಿಂದೆ ಚೌಕ. ಅದನ್ನು ‘ಕೋವಾ’ ಮರದಿಂದಲೋ ದಿವಿಹಲಸಿನಿಂದಲೋ ಕೆತ್ತಿ, ಹವಳದ ಕಲ್ಲಿನಿಂದ ಉಜ್ಜಿ, ಕಾಯಿಯ ಎಣ್ಣೆ ಬಳಿಯುತ್ತಿದ್ದರು. ಹವಾಯಿಯ ರಾಜಕುಮಾರಿ ಕೈಯುಲಾನಿಯ ಏಳಡಿ ನಾಲ್ಕಂಗುಲದ ಅಲಾಯಾ ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಈಗಲೂ ಇದೆ.

ಹಡಗುಗಳ ಜತೆ ಬಂದ ರೋಗಗಳಿಗೆ ಹವಾಯಿಯ ಜನ ಊರೂರೇ ಬಲಿಯಾದರು. 1820ರಿಂದ ಬಂದು ನೆಲೆಸಿದ ಮಿಷನರಿಗಳಿಗೆ ಈ ಆಟ ಸರಿಬರಲಿಲ್ಲ. ಹತ್ತೊಂಬತ್ತನೇ ಶತಮಾನ ಮುಗಿಯುವ ವೇಳೆಗೆ ಅಲಾಯಾ ಏರುವವರು ಬೆರಳೆಣಿಕೆಯಷ್ಟಾಗಿದ್ದರು. ಇಪ್ಪತ್ತನೇ ಶತಮಾನದಲ್ಲಿ ಸರ್ಫಿಂಗ್ ಮತ್ತೆ ಚಿಗುರಿತು, ಆದರೆ ಬೇರೆ ಹಲಗೆಯ ಮೇಲೆ. 1935ರಲ್ಲಿ ಟಾಮ್ ಬ್ಲೇಕ್ ಹಲಗೆಯ ಅಡಿಗೆ ರೆಕ್ಕೆ ಜೋಡಿಸಿದ. ಐವತ್ತರ ದಶಕದಲ್ಲಿ ಮರದ ಜಾಗಕ್ಕೆ ಪ್ಲಾಸ್ಟಿಕ್ ನೊರೆ ಬಂತು. ಹಲಗೆ ಹಗುರಾಯಿತು, ದಪ್ಪಗಾಯಿತು, ಕಲಿಯುವುದು ಸುಲಭವಾಯಿತು.

ಅಲಾಯಾಕ್ಕೆ ಮರುಜೀವ ಕೊಟ್ಟವರು ಕ್ಯಾಲಿಫೋರ್ನಿಯದಿಂದ ಹೋಗಿ ಆಸ್ಟ್ರೇಲಿಯದ ನೂಸಾದಲ್ಲಿ ನೆಲೆಸಿದ ಹಲಗೆ ತಯಾರಕ ಟಾಮ್ ವೆಗೆನರ್. ಈ ಶತಮಾನದ ಮೊದಲ ದಶಕದಲ್ಲಿ ಬಿಷಪ್ ಮ್ಯೂಸಿಯಂನ ಹಳೆಯ ಹಲಗೆಗಳನ್ನು ಕಂಡು ಬಂದು, ಅದೇ ಆಕಾರವನ್ನು ಪಾಲೋನಿಯಾ ಮರದಲ್ಲಿ ಕೆತ್ತಿದರು. ಪಾಲೋನಿಯಾ ಬಲು ಹಗುರ. ಉಪ್ಪುನೀರನ್ನು ಬೇಗ ಹೀರುವುದಿಲ್ಲ. 2005ರ ಡಿಸೆಂಬರ್‌ನಲ್ಲಿ ಅಮೆರಿಕದ ಬಹುಪಾಲು ತಯಾರಕರಿಗೆ ನೊರೆಗಟ್ಟಿ ಕೊಡುತ್ತಿದ್ದ ಕ್ಲಾರ್ಕ್ ಫೋಮ್ ಕಾರ್ಖಾನೆ ಒಮ್ಮೆಗೇ ಮುಚ್ಚಿದ್ದರಿಂದ, ಮರದ ಕಡೆಗೆ ಇನ್ನಷ್ಟು ಜನ ತಿರುಗಿ ನೋಡಿದರು.

ಆದರೆ ಮ್ಯೂಸಿಯಂನ ಹಲಗೆ ತನ್ನ ಆಕಾರವನ್ನಷ್ಟೇ ತೋರಿಸುತ್ತದೆ, ಏರುವ ಬಗೆಯನ್ನಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಏಳಡಿ ಉದ್ದ, ಹದಿನಾರಂಗುಲ ಅಗಲ, ಎರಡು ಸೆಂಟಿಮೀಟರ್ ದಪ್ಪದ ಪಾಲೋನಿಯಾ ಹಲಗೆಯ ಗಾತ್ರ, ಮುಂದಿನ ದುಂಡು ಕಳೆದು, ಸುಮಾರು 15 ಲೀಟರ್, ತೂಕ ನಾಲ್ಕು ಕಿಲೋ. ಹಾಗಾದರೆ ಅದು ನಿಂತ ನೀರಿನಲ್ಲಿ ಹೊರಬಲ್ಲದ್ದು ಹನ್ನೊಂದು ಕಿಲೋ ಭಾರ ಮಾತ್ರ. ಎಪ್ಪತ್ತು ಕಿಲೋದ ಮನುಷ್ಯ ಹತ್ತಿದರೆ ಕೆಳಗಿಳಿಯದೆ ಇನ್ನೇನು? ಹಾಗಾಗಿ ಸವಾರ ಅರ್ಧ ಮುಳುಗಿಯೇ ಈಜಿಕೊಂಡು ಹೋಗಿ, ಅಲೆ ಬೆನ್ನಿಗೆ ಬಂದಾಗ ಅದರ ವೇಗಕ್ಕೆ ತನ್ನ ವೇಗ ಕೂಡಿಸಬೇಕು. ಓಟ ಸಿಕ್ಕಿತೋ, ಹಲಗೆ ಮೇಲೇಳುತ್ತದೆ.

ಏಳಿಸುವ ಬಲ ಯಾವುದೆಂದು ಕಣ್ಣಾರೆ ನೋಡಬೇಕೆಂದರೆ ಹವಾಯಿಗೆ ಹೋಗಬೇಕಿಲ್ಲ, ದಕ್ಷಿಣ ಕನ್ನಡದ ಕಂಬಳಕ್ಕೆ ಹೋಗಿ. ಅಲ್ಲಿ ಕನೆಹಲಗೆ ಎಂಬ ವಿಭಾಗವಿದೆ. ಕೋಣಗಳು ಎಳೆಯುವ ಮರದ ಹಲಗೆಯ ಮೇಲೆ ಓಟಗಾರ ಕಾಲಿಟ್ಟು ನಿಲ್ಲುತ್ತಾನೆ, ಹಲಗೆಯಲ್ಲಿ ತೂತುಗಳಿವೆ. ಕೆಸರುಗದ್ದೆಯ ಓಟದ ಹಾದಿಯಲ್ಲಿ ಕೋಣಗಳು ನುಗ್ಗಿದಂತೆ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮಿ, ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ಹಾಯಬೇಕು. ಆ ನೀರನ್ನು ಮೇಲಕ್ಕೆಸೆಯುವುದು ಓಡುವ ಹಲಗೆಯ ಅಡಿಯಲ್ಲಿ ಹುಟ್ಟುವ ಒತ್ತಡ. ಅಲಾಯಾದಲ್ಲಿ ತೂತಿಲ್ಲ, ಆದ್ದರಿಂದ ಅಂಥದೇ ಒತ್ತಡ ಹಲಗೆಯನ್ನೂ ಅದರ ಮೇಲಿನವರನ್ನೂ ಎತ್ತಿ ಹಿಡಿಯುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಕಂಬಳದ ಗದ್ದೆಯಲ್ಲಿ ಈ ನಿಯಮವನ್ನು ಸೂತ್ರವಿಲ್ಲದೆ ಕಾಲಿನಲ್ಲೇ ಕಲಿತವರ ಬಗ್ಗೆ ನನಗೆ ಅಪಾರ ಗೌರವ.

ರೆಕ್ಕೆಯಿಲ್ಲದ ಹಲಗೆ ಅಲೆಯ ಇಳಿಜಾರಿನಲ್ಲಿ ಅಡ್ಡಕ್ಕೆ ಜಾರಿಹೋಗುವುದಿಲ್ಲವೇ? ಜಾರುತ್ತದೆ, ಅದೇ ಅದರ ಸೊಗಸು. ಮೈಭಾರವನ್ನು ಒಂದು ಪಕ್ಕಕ್ಕೆ ಹಾಕಿದರೆ ತೆಳು ಅಂಚು ಅಲೆಯ ಗೋಡೆಯೊಳಗೆ ಕುಡುಗೋಲಿನಂತೆ ಹೊಕ್ಕು ಹಿಡಿಯುತ್ತದೆ. ಭಾರ ಸಡಿಲಿಸಿದರೆ ಹಲಗೆ ಬಿಟ್ಟುಕೊಟ್ಟು ತಿರುಗುತ್ತದೆ. ರೆಕ್ಕೆ ನೀರನ್ನು ಸೀಳುವಾಗ ಆಗುವ ತಡೆಯೂ ಇಲ್ಲ. ಇದಕ್ಕೇ ನೊರೆಹಲಗೆಯಲ್ಲಿ ನುರಿತವರೂ ಮೊದಮೊದಲು ಅಲಾಯಾದಿಂದ ಬೀಳುತ್ತಾರೆ, ಆಮೇಲೆ ಅದರ ಓಟಕ್ಕೆ ಮರುಳಾಗುತ್ತಾರೆ.

ಕರ್ನಾಟಕದಲ್ಲಿ ಸರ್ಫಿಂಗ್ ಬೇರೂರಿದ್ದು ಮೂಲ್ಕಿಯಲ್ಲಿ. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಪಕ್ಕದ ಸಸಿಹಿತ್ಲುವಿನಲ್ಲಿ, ಶಾಂಭವಿ ಮತ್ತು ನಂದಿನಿ ಕಡಲು ಸೇರುವಲ್ಲಿ, ಈಗ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆಯುತ್ತವೆ.

ಅಲೆಯಷ್ಟೇ ಅಲ್ಲ, ಮರವೂ ನಮ್ಮಲ್ಲಿದೆ: ಅಲಾಯಾ ಕೆತ್ತುತ್ತಿದ್ದ ದಿವಿಹಲಸು ನಮ್ಮ ಹಲಸಿನದೇ ಕುಲದ ಮರ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ತೋಟದ ಬದುವಿನಲ್ಲಿ ಹಲಸು ಕಾಣದ ಊರು ಕಡಿಮೆ. ಹಲಸಿನ ಹಲಗೆ ಪಾಲೋನಿಯಾಕ್ಕಿಂತ ಭಾರವಾದೀತು, ಆದರೆ ಹವಾಯಿಯವರ ಕೋವಾವೂ ಭಾರದ ಮರವೇ. ನಮ್ಮ ಕಡೆಯ ಬಡಗಿಯೊಬ್ಬರು ಎಳೆ ನೋಡಿ ಕುಯ್ದು, ಅಂಚು ಕೆತ್ತಿ, ಹೊಂಗೆಣ್ಣೆ ಬಳಿದ ಏಳಡಿ ಹಲಗೆಯೊಂದನ್ನು ಬಸ್ಸಿನ ಟಾಪಿಗೆ ಕಟ್ಟಿಸಿ ಸಸಿಹಿತ್ಲುವಿಗೆ ಒಯ್ಯಬೇಕೆಂಬ ಆಸೆ ನನಗೆ ಬಹಳವಿದೆ.