ಐವತ್ತು ರೂಪಾಯಿಯ ನೋವು

ಮಾರ್ಚ್ ತಿಂಗಳ ನಡು ಮಧ್ಯಾಹ್ನ, ಮುಧೋಳದ ಕಡೆಯ ಒಂದು ರಸ್ತೆ. ಏರು ಹತ್ತಲಾರದೆ ಕಬ್ಬಿನ ಗಾಡಿಯೊಂದು ನಿಂತುಬಿಟ್ಟಿತ್ತು. ಎಡಗಡೆಯ ಎತ್ತು ಮುಂಗಾಲು ಮಡಿಸಿ ಮಂಡಿಯೂರಿತ್ತು. ನೊಗ ಉಜ್ಜಿ ಉಜ್ಜಿ ಹೆಗಲ ಮೇಲೆ ಹುಣ್ಣು, ಹುಣ್ಣಿನ ಮೇಲೆ ಅರಿಶಿನ. ಗಾಡಿಯವನು ಕೈಯಲ್ಲಿದ್ದ ಕೋಲನ್ನು ತಿರುವಿ ಹಿಡಿದ. ಆ ತುದಿಗೆ ಅರ್ಧ ಇಂಚಿನ ಮೊಳೆ. ಎತ್ತು ಎದ್ದಿತು.

“ಈ ಬಿಸಲಾಗ ನನಗೇನ್ ಹೌಸಿ ಐತೇನ್ರಿ? ಫ್ಯಾಕ್ಟರಿ ಪಾಳಿ ತಪ್ಪಿದ್ರ ನಾಳಿತನಕ ಕಾಯಬೇಕು” ಅಂದ, ನಾನು ಏನೂ ಕೇಳುವ ಮೊದಲೇ.

ಆ ಒಂದು ನಿಮಿಷದಲ್ಲಿ ಕಾನೂನು ಮೂರು ಕಡೆ ಮುರಿದಿತ್ತು. ಭಾರ ಎಳೆಯುವ, ಹೊರುವ ಪ್ರಾಣಿಗಳಿಗೆಂದೇ 1965ರ ಕೇಂದ್ರ ನಿಯಮಗಳಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ಮೊಳೆಕೋಲು ನಿಷಿದ್ಧ. ಹುಣ್ಣಾಗಿ ದುಡಿಮೆಗೆ ಒದಗದ ಪ್ರಾಣಿಯನ್ನು ದುಡಿಸುವುದು ಮೂಲ ಕಾಯ್ದೆಯಲ್ಲೇ ಅಪರಾಧ. ಇದನ್ನೆಲ್ಲ ಬರೆದವರಿಗೆ ಎತ್ತು ಗೊತ್ತಿತ್ತು ಅನ್ನಿಸುತ್ತದೆ.

ಮೂಲ ಕಾಯ್ದೆ ಎಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಇದರ ಹಿಂದೆ ಇದ್ದವರು ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. ರಾಜ್ಯಸಭೆಗೆ ನಾಮಕರಣಗೊಂಡ ಆಕೆ ಖಾಸಗಿ ಮಸೂದೆ ತಂದರು. ಸರ್ಕಾರವೇ ಮಸೂದೆ ತರುತ್ತದೆಂದು ನೆಹರೂ ಮಾತು ಕೊಟ್ಟ ಮೇಲೆ ಹಿಂತೆಗೆದುಕೊಂಡರು. 1962ರಲ್ಲಿ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಇಂಥ ಕಾಯ್ದೆಯ 11ನೇ ಕಲಂ ಓದುತ್ತಾ ಹೋದರೆ ಹೊಡೆತ, ಒದೆತ, ಅತಿಭಾರ, ಇಕ್ಕಟ್ಟಿನ ಪಂಜರ ಎಲ್ಲವೂ ಸಿಗುತ್ತವೆ. ಕೊನೆಗೆ ದಂಡ ಬರುತ್ತದೆ: ಮೊದಲ ತಪ್ಪಿಗೆ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ಮೀರದಂತೆ. ಇವತ್ತಿಗೂ ಅಷ್ಟೇ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ನೂರರ ತನಕ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹೊಡೆತದಂಥ ಸಾಮಾನ್ಯ ಹಿಂಸೆ ಪೊಲೀಸರು ನೇರವಾಗಿ ಕೈಹಾಕುವ ಅಪರಾಧವಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು, ಮೊಕದ್ದಮೆ ಮೂರು ತಿಂಗಳೊಳಗೆ ಹೂಡಬೇಕು. ಐವತ್ತು ರೂಪಾಯಿಗಾಗಿ ಕೋರ್ಟ್ ಮೆಟ್ಟಿಲು ಹತ್ತುವ ಠಾಣಾಧಿಕಾರಿಯನ್ನು ನಾನಂತೂ ಕಂಡಿಲ್ಲ.

ವರ್ಲ್ಡ್ ಅನಿಮಲ್ ಪ್ರೊಟೆಕ್ಷನ್ ಸಂಸ್ಥೆ 2020ರಲ್ಲಿ 50 ದೇಶಗಳ ಪ್ರಾಣಿ ಕಾನೂನುಗಳಿಗೆ ಎ ಇಂದ ಜಿ ತನಕ ಶ್ರೇಣಿ ಕೊಟ್ಟಿತು. ಎ ಯಾರಿಗೂ ಸಿಗಲಿಲ್ಲ. ನಮಗೆ ಸಿ. ಪರವಾಗಿಲ್ಲ ಅನ್ನಿಸುವ ಅಂಕ. ಬರೆದಿಟ್ಟದ್ದಕ್ಕೆ ಅದು ಸಲ್ಲಬೇಕಾದ್ದೇ: ಡಾಲ್ಫಿನ್ ಪ್ರದರ್ಶನಕ್ಕೆ 2013ರಲ್ಲಿ, ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳ ಪರೀಕ್ಷೆಗೆ 2014ರಲ್ಲಿ ತಡೆ ಬಿತ್ತು. ಜೀವಿಗಳ ಬಗ್ಗೆ ಕರುಣೆ 1976ರಿಂದ ಸಂವಿಧಾನದಲ್ಲೇ ನಾಗರಿಕರ ಕರ್ತವ್ಯ. ಆದರೆ ನನ್ನ ಅಳತೆಗೋಲು ಬೇರೆ. ಕಾನೂನಿನ ಮುನ್ನುಡಿ ಓದಬೇಡಿ, ದಂಡದ ಸಾಲು ಮತ್ತು ವಿನಾಯಿತಿಯ ಸಾಲು ಓದಿ.

ವಿನಾಯಿತಿಗಳಲ್ಲಿ ಬರೆ ಹಾಕುವುದು, ಮೂಗುದಾರ ಪೋಣಿಸುವುದು, ಬೀಜ ಒಡೆಯುವುದು ಇವೆ. ಇನ್ನು ಪಂಜರ ಚಲನೆಗೆ ಸಾಕಷ್ಟಿರಬೇಕು ಎಂಬ ಅದೇ ಕಾಯ್ದೆಯ ಮಾತನ್ನು ಮೊಟ್ಟೆ ಫಾರಂಗೆ ಒಯ್ದು ನೋಡಿ. ಬ್ಯಾಟರಿ ಪಂಜರದ ಕೋಳಿಯ ಪಾಲಿನ ಜಾಗ ಒಂದು ಎ4 ಹಾಳೆಯಷ್ಟೂ ಇರುವುದಿಲ್ಲ. ರೆಕ್ಕೆ ಬಿಚ್ಚುವ ಮಾತು ಬಿಡಿ, ತಿರುಗಿ ನಿಲ್ಲಲೂ ಪಕ್ಕದ ಕೋಳಿ ಸರಿಯಬೇಕು. ಕಾನೂನು ಆಯೋಗ 2017ರಲ್ಲಿ ಇದರ ಬಗ್ಗೆಯೇ ವರದಿ ಕೊಟ್ಟಿತು.

ಹಳೆಯ ದಂಡಸಂಹಿತೆಯಲ್ಲಿ ಪ್ರಾಣಿಗೆ ಬೆಲೆ ಕಟ್ಟಿದ್ದರು. ಹತ್ತು ರೂಪಾಯಿ ಬಾಳುವುದಕ್ಕೊಂದು ಕಲಂ, ಐವತ್ತು ಬಾಳುವುದಕ್ಕೊಂದು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಆ ಬೆಲೆಪಟ್ಟಿ ಹರಿದುಹಾಕಿತು. ಕೊಂದರೆ, ಅಂಗ ಊನ ಮಾಡಿದರೆ ಐದು ವರ್ಷದ ತನಕ ಜೈಲು. ಒಳ್ಳೆಯದೇ. ಆದರೂ ಅದು ಆಸ್ತಿಗೆ ಹಾನಿ ಮಾಡುವ ಅಪರಾಧಗಳ ಸಾಲಿನಲ್ಲೇ ಕೂತಿದೆ. ನಷ್ಟ ಮಾಲೀಕನದು, ನೋವು ಎತ್ತಿನದು.

ಕಂಬಳದ ಮಾತು ಬಾರದೆ ಈ ಲೆಕ್ಕ ಮುಗಿಯದು. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಆಟಗಳನ್ನು ತಡೆಯಿತು, ಹಸಿವು, ನೋವು, ಭಯಗಳಿಂದ ಬಿಡುಗಡೆಯಂಥ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಒಪ್ಪಿತು, ದಂಡ ಏರಿಸಿ ಎಂದು ಸಂಸತ್ತಿಗೂ ಹೇಳಿತು. ದಂಡ ಏರಲಿಲ್ಲ. 2022ರ ತಿದ್ದುಪಡಿ ಕರಡು ಕರಡಾಗಿಯೇ ಉಳಿಯಿತು. ರಾಜ್ಯಗಳು ಮಾತ್ರ ಚುರುಕಾದವು. ತಮಿಳುನಾಡಿನ ಹಾದಿಯಲ್ಲೇ ಕರ್ನಾಟಕವೂ ಕಂಬಳ, ಎತ್ತಿನಗಾಡಿ ಓಟಗಳಿಗಾಗಿ ಕಾಯ್ದೆ ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಹುರುಳಿ ಬೇಯಿಸಿ ತಿನ್ನಿಸಿ, ಎಣ್ಣೆ ತಿಕ್ಕಿ ಕೋಣ ಸಾಕುವವರನ್ನು ಕಂಡವರಿಗೆ ಅವರನ್ನು ಕಟುಕರೆನ್ನಲು ನಾಲಿಗೆ ಬಾರದು. ಗದ್ದೆಯಲ್ಲಿ ಬೆತ್ತದ ಬಾಸುಂಡೆ ಕಂಡವರಿಗೂ ಸುಮ್ಮನಿರಲಾಗದು. ಎರಡೂ ಒಂದೇ ಕೋಣದ ಮೈಮೇಲಿನ ಸಂಗತಿ.

ಅವತ್ತು ಏರು ದಾಟಿದ ಮೇಲೆ ರಸ್ತೆ ಬದಿಯ ತೊಟ್ಟಿ ಕಂಡದ್ದೇ ಎತ್ತುಗಳು ತಾವಾಗಿಯೇ ನಿಂತವು. ಗಾಡಿಯವನು ಕೋಲನ್ನು ಕಬ್ಬಿನ ಸಂದಿಗೆ ಸಿಕ್ಕಿಸಿ ಕೆಳಗಿಳಿದ, ನೊಗ ಕಳಚದೆಯೇ ಬಕೆಟ್ ಹಿಡಿದ. ಮೊದಲು ಎಡಗಡೆಯದಕ್ಕೆ.