ಕೋಟಿನೊಳಗೆ ಅಂಗಡಿ ಇಟ್ಟವನ ಹೆಸರೇನು?

ಸ್ಪೇನ್‌ನ ಯಾವುದೋ ಕುಗ್ರಾಮ. ಕೊಡಲಿ, ಕತ್ತಿ ಹಿಡಿದ ಊರಿನವರು ನಿಮ್ಮನ್ನು ಅಟ್ಟಿಸಿಕೊಂಡು ಬರ್ತಿದ್ದಾರೆ. ಗುಂಡು ಮುಗೀತಾ ಬಂತು, ಜೀವವೂ ಅಷ್ಟಕ್ಕಷ್ಟೇ. ಆಗ ಕಿಟಕಿಯಾಚೆಯಿಂದ ಒಬ್ಬ ಇಣುಕಿ ಮೆಲ್ಲಗೆ ಕರೆಯುತ್ತಾನೆ. ಮುಖಕ್ಕೆ ಬಟ್ಟೆ, ತಲೆಗೆ ಮುಸುಕು. ಹತ್ತಿರ ಹೋದರೆ ಉದ್ದ ಕೋಟನ್ನು ಎರಡೂ ಕೈಯಲ್ಲಿ ಅಗಲಿಸಿ ತೋರಿಸುತ್ತಾನೆ. ಒಳಗಡೆ ಸಾಲಾಗಿ ಬಂದೂಕುಗಳು! ಆಮೇಲೆ ಗೊಗ್ಗರು ದನಿಯಲ್ಲಿ ಒಂದೇ ಪ್ರಶ್ನೆ: ಏನು ತಗೊಳ್ತೀಯಾ?

ಗೇಮ್ ಆಡುವವರಿಗೆ ಇಷ್ಟು ಹೇಳಿದರೆ ಸಾಕು. ಇದು ಕ್ಯಾಪ್‌ಕಾಮ್ ಕಂಪನಿಯ ‘ರೆಸಿಡೆಂಟ್ ಈವಿಲ್ 4’. ಬಂದದ್ದು 2005ರಲ್ಲಿ, ಹೊಸ ರೂಪದಲ್ಲಿ ಮತ್ತೆ 2023ರಲ್ಲಿ. ನಾಯಕ ಲಿಯಾನ್‌ನ ಹೇರ್‌ಸ್ಟೈಲ್ ಮರೆತವರೂ ಈ ವ್ಯಾಪಾರಿಯನ್ನು ಮರೆತಿಲ್ಲ. ಮಜಾ ಏನೆಂದರೆ ಹಳೆಯ ಆಟದಲ್ಲಿ ಇಬ್ಬರಿಗೂ ದನಿ ಕೊಟ್ಟವರು ಒಬ್ಬರೇ, ಪಾಲ್ ಮರ್ಸಿಯರ್. ನಾಯಕನಿಗೆ ಹೆಸರಿದೆ, ಊರಿದೆ, ಹಿಂದಿನ ಕಥೆಯಿದೆ. ವ್ಯಾಪಾರಿಗೆ ಹೆಸರೇ ಇಲ್ಲ. ಆಟದ ತುಂಬಾ ಅವನು ಬರೀ ‘ಮರ್ಚೆಂಟ್’.

ಇಷ್ಟ ಆಗೋದು ಯಾಕೆ?

ಕಾರಣ ಸರಳ. ಅವನ ಪಕ್ಕದ ನೀಲಿ ಜ್ವಾಲೆಯ ಪಂಜು ಕಂಡರೆ ಸ್ವಲ್ಪ ಹೊತ್ತು ಉಸಿರಾಡಬಹುದು ಅಂತ ಅರ್ಥ. ಇಡೀ ಊರು ಕೊಲ್ಲೋಕೆ ನಿಂತಿರುವಾಗ ದುಡ್ಡು ತಗೊಂಡು ಸಾಮಾನು ಕೊಡುವವನೊಬ್ಬ ಸಿಕ್ಕರೆ, ಅವನೇ ನೆಂಟ. ಮೋಸ ಮಾಡೋದಿಲ್ಲ, ಉಪದೇಶ ಮಾಡೋದಿಲ್ಲ. ನೀವು ನಡೆದು ಸುಸ್ತಾಗಿ ಮುಂದಿನ ಕೋಟೆ ತಲುಪಿದರೆ, ಅಲ್ಲಿ ನಿಮಗಿಂತ ಮೊದಲೇ ಬಂದು ಕೂತಿರುತ್ತಾನೆ. ಹಳೆಯ ಆಟದಲ್ಲಿ ಅವನನ್ನು ಗುಂಡು ಹೊಡೆದು ಸಾಯಿಸಲೂಬಹುದು. ಆ ಜಾಗದಲ್ಲಿ ಮತ್ತೆ ಕಾಣಿಸುವುದಿಲ್ಲ, ಮುಂದಿನ ಜಾಗದಲ್ಲಿ ಮಾತ್ರ ಏನೂ ಆಗದವನಂತೆ ಹಾಜರು! ಅವನೊಬ್ಬನೋ, ಅಂಥವರು ಹತ್ತು ಜನರೋ ಅಂತ ಅಭಿಮಾನಿಗಳು ಇಪ್ಪತ್ತು ವರ್ಷದಿಂದ ತಲೆ ಕೆರೆದುಕೊಳ್ತಾ ಇದ್ದಾರೆ.

ಇವನ ಬಂಧುಗಳು ಬೇರೆ ಆಟಗಳಲ್ಲೂ ಇದ್ದಾರೆ. 2000ದಲ್ಲಿ ಬಂದ ‘ಮಜೋರಾಸ್ ಮಾಸ್ಕ್’ನ ಮುಖವಾಡ ಮಾರುವವನನ್ನು ನೋಡಿ. ಬೆನ್ನ ಮೇಲೆ ಮುಖವಾಡಗಳ ದೊಡ್ಡ ಮೂಟೆ, ಮುಖದಲ್ಲಿ ಆರದ ನಗು. ಇನ್ನು ಮೂರೇ ದಿನದಲ್ಲಿ ಚಂದ್ರ ಊರ ಮೇಲೆ ಬೀಳುತ್ತಾನೆ ಅನ್ನುವಾಗಲೂ ನಗುತ್ತಾನೆ. ಕಥೆ ಮುಗಿದಾಗ ನಡೆಯುತ್ತಾ ನಡೆಯುತ್ತಾ ಮಾಯ. ‘ಡೆಸ್ಟಿನಿ’ಯ ಝೂರ್ ಶುಕ್ರವಾರ ಬಂದು ಕೆಲವೇ ದಿನದಲ್ಲಿ ಕಾಣೆಯಾಗುತ್ತಾನೆ. ಈ ವಾರ ಎಲ್ಲಿ ಕೂತಿದ್ದಾನೆ ಅಂತ ಆಟಗಾರರು ಒಬ್ಬರಿಗೊಬ್ಬರು ಮೆಸೇಜ್ ಮಾಡಿಕೊಳ್ತಿದ್ದರು. ‘ಡಾರ್ಕ್ ಸೋಲ್ಸ್’ನ ಪ್ಯಾಚಸ್ ಅಂತೂ ಕಿಲಾಡಿ. ಮೊದಲು ನಿಮ್ಮನ್ನು ಗುಂಡಿಗೆ ಒದೆಯುತ್ತಾನೆ, ಕ್ಷಮಿಸಿದರೆ ಅಂಗಡಿ ತೆರೆಯುತ್ತಾನೆ.

ಹಾರ್ನ್ ಕೇಳಿದರೆ ಸಾಕು

ಅಜೆಕಾರು, ಹೆಬ್ರಿ, ಕಾರ್ಕಳ ಕಡೆ ಬೆಳೆದವರಿಗೆ ಈ ಪಾತ್ರ ಹೊಸದೇನಲ್ಲ ಮಾರಾಯ್ರೇ. ಬೆಳಗ್ಗೆ ಗುಡ್ಡದ ತಿರುವಿನಲ್ಲಿ ಬೈಕಿನ ಹಾರ್ನ್ ಕೇಳಿದರೆ ಪಾತ್ರೆ ಹಿಡಿದು ಗೇಟಿಗೆ ಓಡುವುದು, ಹಿಂದೆ ಬೆಕ್ಕು ಓಡುವುದು. ಅದು ಮೀನಿನವರ ಹಾರ್ನ್. ಬಸ್ಸಿನ ಹಾರ್ನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಆಗ ಹಾರ್ನ್ ಕಡಿಮೆಯಾಗುತ್ತದೆ, ಒಣಮೀನಿಗೆ ಬೆಲೆ ಬರುತ್ತದೆ.

ಹಾಗೇ ಬಳೆಯವರು, ಚಾಪೆಯವರು, ಬೆಡ್‌ಶೀಟಿನವರು, ಕಂತಿನಲ್ಲಿ ಪಾತ್ರೆ ಕೊಡುವವರು. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಹಬ್ಬ ಬಂತೆಂದರೆ ಸಾಲು ಸಾಲು ಅಂಗಡಿ. ಎಲ್ಲ ಜಾತಿ ಧರ್ಮದವರೂ ಸೇರುವ ಜಾತ್ರೆ ಅದು. ಹಬ್ಬ ಮುಗಿದ ಮೇಲೆ ಆ ಅಂಗಡಿಯವರು ಎಲ್ಲಿ ಹೋದರು? ಕೇಳಿದವರು ಯಾರು?

ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಮೀನಿನವರು, ಬಳೆಯವರು, ಚಾಪೆಯವರು. ನಾವೂ ಜನರನ್ನು ಸಾಮಾನಿನ ಹೆಸರಿನಿಂದಲೇ ಕರೆಯುತ್ತೇವೆ. ರೆಸಿಡೆಂಟ್ ಈವಿಲ್‌ನ ವ್ಯಾಪಾರಿ ನಿಗೂಢ ಆಗಿರುವುದು ಆಟ ಮಾಡಿದವರು ಅವನ ಕಥೆಯನ್ನು ಬಚ್ಚಿಟ್ಟಿದ್ದಕ್ಕೆ. ನಮ್ಮ ಗೇಟಿನ ಮುಂದೆ ನಿಲ್ಲುವವರ ಕಥೆಯನ್ನು ಯಾರೂ ಬಚ್ಚಿಟ್ಟಿಲ್ಲ. ಅವರ ವಿಷಯ ಗೊತ್ತಿಲ್ಲದಿರುವುದಕ್ಕೆ ನಾವು ಕೇಳದಿರುವುದು ಮಾತ್ರ ಕಾರಣ.

ವ್ಯಾಪಾರಿಯನ್ನು ಕೊಂದರೆ ಸುಲಭ

ಈ ವಿಷಯವನ್ನು ತುಂಬಾ ಚೆನ್ನಾಗಿ ಹಿಡಿದ ಆಟ ‘ಎಲ್ಡನ್ ರಿಂಗ್’. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು. ಇನ್ನೂ ಆಡದವರು ಈ ಭಾಗ ದಾಟಿ ಮುಂದೆ ಹೋಗಬಹುದು, ಗುಟ್ಟು ರಟ್ಟಾಗುತ್ತದೆ.

ಅದರ ವಿಶಾಲ ಬಯಲಿನಲ್ಲಿ ಅಲ್ಲಲ್ಲಿ ಅಲೆಮಾರಿ ವ್ಯಾಪಾರಿಗಳು ಸಿಗುತ್ತಾರೆ. ಒಂದು ಬೆಂಕಿ, ಪಕ್ಕದಲ್ಲೊಂದು ಕತ್ತೆ, ಕೈಯಲ್ಲಿ ತಂತಿವಾದ್ಯ. ದೂರದಿಂದಲೇ ಅದರ ದನಿ ಕೇಳುತ್ತದೆ, ನಮ್ಮ ಮೀನಿನ ಹಾರ್ನ್ ಹಾಗೆ. ಒಬ್ಬೊಬ್ಬರ ಬಳಿ ಒಂದೊಂದು ಸಾಮಾನು. ಬೇಕಾದ್ದು ತಗೊಳ್ಳೋಕೆ ಅಷ್ಟು ದೂರ ಹೋಗಬೇಕು.

ಇಲ್ಲೊಂದು ಶಾರ್ಟ್‌ಕಟ್ ಉಂಟು. ವ್ಯಾಪಾರಿಯನ್ನು ಕೊಂದರೆ ಅವನ ಗಂಟೆ ನಿಮಗೆ ಸಿಗುತ್ತದೆ. ಅದನ್ನು ನಿಮ್ಮ ಠಾಣೆಯಲ್ಲಿರುವ ಅಂಗಡಿಗೆ ಕೊಟ್ಟರೆ ಆಯಿತು, ಅವನ ಸಾಮಾನೆಲ್ಲ ಅಲ್ಲೇ ಸಿಗುತ್ತದೆ. ಅಲೆದಾಟ ಇಲ್ಲ, ಎಲ್ಲ ಒಂದೇ ಕಡೆ. ಆಟ ‘ಕೊಲ್ಲು’ ಅನ್ನೋದಿಲ್ಲ, ‘ಬೇಡ’ ಅಂತಲೂ ಅನ್ನೋದಿಲ್ಲ. ಅನುಕೂಲವನ್ನು ನಿಮ್ಮ ಮುಂದಿಟ್ಟು ಸುಮ್ಮನಾಗುತ್ತದೆ. ಎಷ್ಟೋ ಆಟಗಾರರು ಎರಡನೇ ಯೋಚನೆ ಮಾಡದೆ ಕತ್ತಿ ಎತ್ತುತ್ತಾರೆ.

ಸತ್ಯ ಗೊತ್ತಾಗುವುದು ಬಹಳ ಹೊತ್ತಿನ ನಂತರ. ರಾಜಧಾನಿಯ ಚರಂಡಿಗಳಿಗೂ ಕೆಳಗೆ ಇಳಿಯುತ್ತಾ ಹೋದರೆ ಹೆಣಗಳ ರಾಶಿ. ಆ ರಾಶಿಯ ನಡುವಿಂದ ಅದೇ ತಂತಿವಾದ್ಯದ ದನಿ. ಈ ವ್ಯಾಪಾರಿಗಳು ಒಂದು ಕಾಲಕ್ಕೆ ದೊಡ್ಡ ಕಾರವಾನ್ ಆಗಿ ತಿರುಗುತ್ತಿದ್ದ ಜನ. ಅವರ ನಂಬಿಕೆ ಸರಿಯಿಲ್ಲ ಅಂತ ಆರೋಪ ಹೊರಿಸಿ, ಇಡೀ ಕುಲವನ್ನು ಒಟ್ಟುಗೂಡಿಸಿ ಜೀವಂತ ಹೂತುಬಿಟ್ಟಿದ್ದರು. ಬಯಲಿನಲ್ಲಿ ಒಂಟಿಯಾಗಿ ಕೂತಿದ್ದವರು ಉಳಿದ ಕೆಲವರು. ಇದೆಲ್ಲ ಆಟದಲ್ಲಿ ಬರುವುದು ಅವರ ಬಟ್ಟೆಯ ವಿವರಣೆಯ ಒಂದೆರಡು ಸಾಲಿನಲ್ಲಿ. ಓದದೆ ಮುಂದೆ ಹೋದವರೇ ಹೆಚ್ಚು. ಓದಿದವರಿಗೆ ಚೀಲದಲ್ಲಿರುವ ಆ ಗಂಟೆಗಳು ಭಾರವಾಗುತ್ತವೆ.

ನಮ್ಮ ಕಾರವಾನ್‌ಗಳು

ಇದು ಜಪಾನಿನ ಕಲ್ಪನೆ. ಆದರೆ ಇದಕ್ಕೆ ಹತ್ತಿರದ ನಿಜ ನಮ್ಮ ನೆಲದಲ್ಲೇ ನಡೆದಿದೆ.

ಅಜೆಕಾರಿನಿಂದ ಹೆಬ್ರಿ, ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ. ಲಾರಿ, ರೈಲು ಬರುವ ಮೊದಲು ಇಂಥ ಘಟ್ಟದ ದಾರಿಗಳಲ್ಲಿ ಸರಕು ಸಾಗುತ್ತಿದ್ದದ್ದು ಎತ್ತಿನ ಬೆನ್ನಿನ ಮೇಲೆ. ಕರಾವಳಿಯ ಉಪ್ಪು ಮೇಲಕ್ಕೆ, ಬಯಲುಸೀಮೆಯ ಧಾನ್ಯ ಕೆಳಕ್ಕೆ. ದಕ್ಷಿಣ ಭಾರತದಲ್ಲಿ ಈ ಕೆಲಸ ಮಾಡುತ್ತಿದ್ದ ಸಮುದಾಯಗಳಲ್ಲಿ ಲಂಬಾಣಿಗಳು, ಕೊರಚರು, ಕೊರವರು ಮುಖ್ಯರು. ಕೊರವರಲ್ಲಿ ‘ಉಪ್ಪು ಕೊರವ’ ಅನ್ನುವ ಪಂಗಡವೇ ಇತ್ತು. ಊರಿಂದ ಊರಿಗೆ ಹೋಗಿ ಉಪ್ಪು ಕೊಟ್ಟು ಧಾನ್ಯ ಪಡೆಯುವವರು. ಅವರು ಬಂದರೆ ಸಾರಿಗೆ ರುಚಿ.

19ನೇ ಶತಮಾನದಲ್ಲಿ ರೈಲು ಬಂತು, ಬ್ರಿಟಿಷರ ಉಪ್ಪಿನ ನೀತಿ ಬಂತು. ಎತ್ತಿನ ವ್ಯಾಪಾರ ಬಿದ್ದುಹೋಯಿತು. ದುಡಿಮೆ ಕಳೆದುಕೊಂಡು ಅಲೆಯುವವರನ್ನು ಸರ್ಕಾರ ಅನುಮಾನದಿಂದ ನೋಡತೊಡಗಿತು. 1871ರಲ್ಲಿ ‘ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್’ ಬಂತು. ಒಬ್ಬ ವ್ಯಕ್ತಿ ಕಳ್ಳತನ ಮಾಡಿದ್ದಾನೋ ಇಲ್ಲವೋ ಅನ್ನೋದು ಆ ಕಾನೂನಿಗೆ ಬೇಕಿರಲಿಲ್ಲ. ಹುಟ್ಟಿದ ಕುಲ ಪಟ್ಟಿಯಲ್ಲಿದ್ದರೆ ಆಯಿತು. ಪೊಲೀಸರ ಬಳಿ ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಲು ಅನುಮತಿ ಬೇಕು. ತಿರುಗಾಟವೇ ಬದುಕಾದ ಜನರಿಗೆ ತಿರುಗಾಟವೇ ಅಪರಾಧ!

1911ರಲ್ಲಿ ಈ ಕಾನೂನು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಇಂದಿನ ಉಡುಪಿ ಜಿಲ್ಲೆಯ ಊರುಗಳು ಆಗ ಇದ್ದದ್ದು ಅದೇ ಪ್ರಾಂತ್ಯದಲ್ಲಿ. ಪ್ರಾಂತ್ಯದ ಪಟ್ಟಿಗೆ ಸೇರಿದವರಲ್ಲಿ ಕೊರವರೂ ಇದ್ದರು. ಉಪ್ಪು ತಂದುಕೊಟ್ಟವರಿಗೆ ಸಿಕ್ಕ ಹೊಸ ಹೆಸರು ‘ಅಪರಾಧಿ ಬುಡಕಟ್ಟು’. ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿ ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಈ ಕಾನೂನು ದೇಶದಾದ್ಯಂತ ರದ್ದಾಯಿತು. ಅಲೆಮಾರಿ ಸಮುದಾಯಗಳು ಇವತ್ತಿಗೂ ಆ ದಿನವನ್ನು ವಿಮುಕ್ತ ದಿನವಾಗಿ ಆಚರಿಸುತ್ತವೆ.

ಕಾನೂನು ಹೋಯಿತು, ಕಣ್ಣು ಹೋಯಿತಾ? 2011ರ ‘ಸ್ಕೈರಿಮ್’ ಆಟದಲ್ಲಿ ಖಜೀತ್ ಅನ್ನುವ ಬೆಕ್ಕಿನ ಮುಖದ ವ್ಯಾಪಾರಿಗಳಿದ್ದಾರೆ. ಅವರ ಸಾಮಾನು ಎಲ್ಲರಿಗೂ ಬೇಕು, ಆದರೆ ಕೋಟೆಯೊಳಗೆ ಪ್ರವೇಶ ಇಲ್ಲ. ಕಳ್ಳರು ಅನ್ನುವ ಹಣೆಪಟ್ಟಿ ಹೊತ್ತು ಊರ ಗೋಡೆಯ ಹೊರಗೆ ಹಿಮದಲ್ಲಿ ಡೇರೆ ಹಾಕುತ್ತಾರೆ. ಅವರ ಡೈಲಾಗ್ ಮೀಮ್ ಆಗಿ ಎಲ್ಲರೂ ನಕ್ಕಿದ್ದೇವೆ. ನಮ್ಮ ಪೇಟೆಗಳ ಹೊರವಲಯದಲ್ಲಿ ರಸ್ತೆ ಬದಿ ಟಾರ್ಪಾಲು ಕಟ್ಟಿ ಕತ್ತಿ ಬಡಿಯುವವರು, ಗೊಂಬೆ ಮಾರುವವರು ಕಂಡಾಗ ‘ಹೊಸಬರು ಬಂದಿದ್ದಾರೆ, ಬಾಗಿಲು ಭದ್ರ’ ಅನ್ನುವ ವಾಟ್ಸ್‌ಆ್ಯಪ್ ಮೆಸೇಜ್ ಮನೆ ಗ್ರೂಪಿಗೆ ಬರುತ್ತದಲ್ಲ, ಅದು ನೆನಪಾಯಿತು.

ಹೆಸರಿದ್ದ ವ್ಯಾಪಾರಿಗಳು

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1990ರ ‘ಡ್ರ್ಯಾಗನ್ ಕ್ವೆಸ್ಟ್ 4’ರ ಮೂರನೇ ಅಧ್ಯಾಯದಲ್ಲಿ ನೀವೇ ವ್ಯಾಪಾರಿ. ಹೆಸರು ಟೋರ್ನೆಕೊ. ಹೊಟ್ಟೆ ಬಂದ, ಬೇರೆಯವರ ಆಯುಧದ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುವ ಮನುಷ್ಯ. ಮನೆಯಲ್ಲಿ ಹೆಂಡತಿ, ಪುಟ್ಟ ಮಗ. ಬೆಳಗ್ಗೆ ಹೆಂಡತಿ ಬುತ್ತಿ ಕಟ್ಟಿಕೊಡುತ್ತಾಳೆ. ಅವನಲ್ಲಿ ನಿಗೂಢ ಅನ್ನುವುದು ಒಂದು ಚೂರೂ ಇಲ್ಲ, ಆದರೂ ಜಪಾನಿನಲ್ಲಿ ಅವನನ್ನೇ ನಾಯಕ ಮಾಡಿ ಬೇರೆ ಆಟಗಳು ಬಂದವು. ಮನೆ ಗೊತ್ತಾದರೆ ಕುತೂಹಲ ಹೋಗಿ ಪ್ರೀತಿ ಬರುತ್ತದೆ ಅನ್ನೋದಕ್ಕೆ ಇವನೇ ಸಾಕ್ಷಿ.

ನಮ್ಮಲ್ಲೂ ಇದ್ದಾನಲ್ಲ, ಬಳೆಗಾರ ಚೆನ್ನಯ್ಯ! ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ಬಳೆ ಮಾರುವವನೊಬ್ಬ ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಗಂಡನ ಮನೆ ಬಾಗಿಲಿಗೆ ತರುತ್ತಾನೆ. ಕವಿ ಅವನಿಗೊಂದು ಹೆಸರಿಟ್ಟರು. 80 ವರ್ಷ ದಾಟಿದರೂ ಕನ್ನಡಿಗರಿಗೆ ಅವನು ಮನೆಯವನೇ.

ಕರಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೊಗವೀರರು ಕಡಲಿಗೆ ಇಳಿಯುವಾಗ ನೆನೆಯುವ ಬೊಬ್ಬರ್ಯ ದೈವವನ್ನು ತುಳು ಪಾಡ್ದನ ಮುಸ್ಲಿಂ ಸಮುದ್ರ ವ್ಯಾಪಾರಿಯ ಮಗ ಅನ್ನುತ್ತದೆ. ಕಡಲಲ್ಲಿ ಜೀವ ಬಿಟ್ಟವನಿಗೆ ಈ ತೀರದ ಜನ ಗುಡಿ ಕಟ್ಟಿದರು. ದೂರದ ದಾರಿಯ ವ್ಯಾಪಾರಿಯನ್ನು ಅನುಮಾನಿಸುವುದೂ ನಮ್ಮ ಚರಿತ್ರೆಯಲ್ಲಿದೆ, ಕಾಯುವವನು ಅಂತ ಕೈಮುಗಿಯುವುದೂ ಇದೆ. ಯಾವುದನ್ನು ಮುಂದುವರಿಸಬೇಕು ಅನ್ನೋದು ನಮಗೆ ಬಿಟ್ಟದ್ದು.

ಈಗ ಮಣಿಪಾಲದ ಫ್ಲ್ಯಾಟಿನಲ್ಲಿ, ಬೆಂಗಳೂರಿನ ಪಿಜಿಯಲ್ಲಿ ಎಲ್ಲ ಸಾಮಾನೂ ಒಂದೇ ಆ್ಯಪಿನಲ್ಲಿ ಸಿಗುತ್ತದೆ, ಎಲ್ಡನ್ ರಿಂಗ್‌ನ ಗಂಟೆ ಕೊಟ್ಟ ಅಂಗಡಿಯ ಹಾಗೆ. ವಿಚಿತ್ರ ನೋಡಿ, ತರುವವರ ಹೆಸರು ಸ್ಕ್ರೀನಿನ ಮೇಲೇ ಇರುತ್ತದೆ, ಫೋಟೊ ಸಮೇತ. ಹಿಂದಿನವರಿಗೆ ಕೇಳಿ ತಿಳಿಯಬೇಕಿದ್ದದ್ದು ನಮಗೆ ಕೇಳದೆಯೇ ಸಿಗುತ್ತಿದೆ. ಆದರೂ ಒಳಗಿನಿಂದ ನಾವು ಕೂಗುವುದು ‘ಡೆಲಿವರಿಯವನು ಬಂದ’ ಅಂತಲೇ.

ಈ ವಾರಾಂತ್ಯ ಊರಿಗೆ ಹೋಗುವವರಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಗೇಟಿಗೆ ಬರುವ ಮೀನಿನವರೋ, ಬಳೆಯವರೋ, ಯಾರಾದರೂ ಸರಿ, ಚಿಲ್ಲರೆ ಕೊಡುವಾಗ ಹೆಸರು ಕೇಳಿ. ಯಾವ ಊರು, ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ ಅಂತ ಕೇಳಿ. ಅವರು ಒಪ್ಪಿದರೆ ನಿಮಗೆ ಗೊತ್ತಾದದ್ದನ್ನು ನಮ್ಮ ಓದುಗರ ಅಂಕಣಕ್ಕೂ ಬರೆಯಿರಿ.