ಬೆಂಕಿ ಬೇಡುವ ಹೂ, ಬೆಂಕಿಗೆ ಸಾಯುವ ಹುಳು

ಅಮೆರಿಕದ ಓರೆಗಾನ್‌ನಲ್ಲಿ ವಿಲಾಮೆಟ್ ಕಣಿವೆಯಿದೆ. ಅಲ್ಲಿಯ ಮೂಲನಿವಾಸಿ ಕಲಪೂಯ ಜನ ಹುಲ್ಲುಗಾವಲಿಗೆ ಆಗಾಗ ಬೆಂಕಿ ಕೊಡುತ್ತಿದ್ದರು. ಅದು ನಿಂತಿತು, ಉಳುಮೆ ಬಂತು, ಉಳಿದ ಹುಲ್ಲಲ್ಲಿ ಪೊದೆ ಎದ್ದಿತು. ಫೆಂಡರ್ಸ್ ನೀಲಿ ಚಿಟ್ಟೆ, ವಿಲಾಮೆಟ್ ಡೈಸಿ ಹೂಗಿಡ ಎರಡೂ ಬಡವಾದವು. 2000ದಲ್ಲಿ ಎರಡನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಡೈಸಿಗೆ ನೆರಳಾಗದು, ಬೇರೂರಿದಲ್ಲೇ ಬಾಳಬೇಕು. ಚಿಟ್ಟೆಗೆ ರೆಕ್ಕೆ ಇದೆಯಲ್ಲ ಅಂತೀರಾ? ಅದರ ಹುಳು ಹೆಚ್ಚಾಗಿ ಮೇಯೋದು ಕಿಂಕೇಡ್ ಲೂಪಿನ್ ಎಲೆಯನ್ನು. ನಮ್ಮ ಹುರುಳಿ, ತೊಗರಿ ಬಳಗದ ಗಿಡ. ಅದಿಲ್ಲದ ಕಡೆ ಹಾರಿ ಏನು ಮಾಡೀತು! 1937ರಿಂದ 1989ರವರೆಗೆ ಈ ಚಿಟ್ಟೆ ಕಂಡೇ ಇರಲಿಲ್ಲ.

ಪೊದೆ ಸುಟ್ಟರೆ ಡೈಸಿಗೆ ಬಿಸಿಲು ಸಿಗುತ್ತೆ. ಆದರೆ ಲೂಪಿನ್ ಬುಡದಲ್ಲಿ ಮಲಗಿದ ಹುಳು ಸಾಯುತ್ತೆ. ಅದಕ್ಕೇ ಅಲ್ಲಿ ಒಂದು ಸಲಕ್ಕೆ ಒಂದು ತುಂಡು ಮಾತ್ರ ಸುಡುತ್ತಾರೆ. ಬಿಟ್ಟ ತುಂಡಿನಿಂದ ಚಿಟ್ಟೆ ಹಾರಿಬರುತ್ತೆ. ಜಮೀನುದಾರರೂ ಕೈಗೂಡಿಸಿದರು. 2023ರಲ್ಲಿ ಚಿಟ್ಟೆಯ ಅಪಾಯದ ದರ್ಜೆ ಒಂದು ಮೆಟ್ಟಿಲು ಇಳಿಯಿತು.